ಬಡ ಪ್ರಶ್ನೆ, ಬಲ್ಲ ಉತ್ತರ

ನಮ್ಮ ಕಾಲೇಜಿನ ಗ್ರಂಥಾಲಯದ ಮುಂದಿನ ಪಡಸಾಲೆಯಲ್ಲಿ ತೂಗುಹಾಕಿರುವ ಭಿತ್ತಿಪತ್ರಿಕೆಯನ್ನು ನೋಡದ ವಿದ್ಯಾರ್ಥಿ ಇರಲಾರನು. ಅದರ ಎಡಭಾಗದಲ್ಲಿ ಕವನ, ಬಲಭಾಗದಲ್ಲಿ ವಾರ್ತೆ, ಕೆಳಗಡೆ ‘ಪ್ರಶ್ನಾಪೆಟ್ಟಿಗೆ’. ಕವನವನ್ನು ಬರೆದವರಷ್ಟೇ ಓದುತ್ತಾರೆಂದೂ, ವಾರ್ತೆಯನ್ನು ಬರೆದವರೂ ಓದುವುದಿಲ್ಲವೆಂದೂ ನಮ್ಮ ಅಧ್ಯಾಪಕರೊಬ್ಬರು ಹಾಸ್ಯ ಮಾಡುವುದುಂಟು. ಆದರೆ ಪ್ರಶ್ನಾಪೆಟ್ಟಿಗೆಯ ಮುಂದೆ ಯಾವಾಗಲೂ ನಾಲ್ಕು ತಲೆಗಳು ಕೂಡಿರುತ್ತವೆ. ಈ ವರ್ಷ ಅದನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದುದರಿಂದ, ಅಲ್ಲಿ ಎದ್ದ ಒಂದು ತಕರಾರಿನ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ.

ಪೆಟ್ಟಿಗೆಯ ಪದ್ಧತಿ ಸರಳವಾದುದು. ಯಾರು ಬೇಕಾದರೂ ಪ್ರಶ್ನೆ ಬರೆದು ಹಾಕಬಹುದು. ಸೋಮವಾರ ಅದನ್ನು ಹಲಗೆಗೆ ಚುಚ್ಚುತ್ತೇವೆ. ಉತ್ತರ ಬಲ್ಲವರು ಅದರ ಕೆಳಗೆ ತಮ್ಮ ಉತ್ತರವನ್ನು ಚುಚ್ಚುತ್ತಾರೆ. ಓದಿದವರು ಮೆಚ್ಚಿದರೆ ಉತ್ತರದ ಅಂಚಿನಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಗೀಟು, ಮೆಚ್ಚದಿದ್ದರೆ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆಯಬೇಕು. ಶನಿವಾರ ಗೀಟುಗಳನ್ನು ಎಣಿಸಿ, ಹೆಚ್ಚು ನೀಲಿ ಪಡೆದ ಉತ್ತರವನ್ನು ಒಂದು ದಪ್ಪ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತೇವೆ. ಪೆನ್ಸಿಲುಗಳನ್ನು ದಾರದಿಂದ ಕಟ್ಟಿಯೇ ಇಡಬೇಕಾಗಿದೆ. ಕಾರಣವನ್ನು ಹೇಳುವುದು ಬೇಡ.

ಹೀಗಿರಲು ಒಂದು ಸೋಮವಾರ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನ ಪ್ರಶ್ನೆ ಬಂತು: “ಪ್ರಜಾಪ್ರಭುತ್ವ ಒಳ್ಳೆಯದೋ ಕೆಟ್ಟದ್ದೋ?” ಅಷ್ಟೇ. ಪ್ರಶ್ನೆ ಬಡವಾದುದೆಂಬುದರಲ್ಲಿ ಎರಡು ಮಾತಿಲ್ಲ. ಯಾರಿಗೆ ಒಳ್ಳೆಯದು, ಯಾವುದಕ್ಕೆ ಹೋಲಿಸಿದರೆ ಒಳ್ಳೆಯದು ಎಂಬ ಯಾವ ಎಲ್ಲೆಯೂ ಅದರಲ್ಲಿ ಇಲ್ಲ. ಆದರೆ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಅದಕ್ಕೆ ಒಂದೂವರೆ ಪುಟದ ಉತ್ತರ ಬರೆದಳು. ಮೊದಲಿಗೆ ಆಕೆ ಪ್ರಶ್ನೆಗೆ ತಾನೇ ಒಂದು ಬೇಲಿ ಹಾಕಿಕೊಂಡಳು: ‘ನಮ್ಮೂರಿನ ಹೆಂಗಸರಿಗೆ ಅದರಿಂದ ಏನಾಯಿತು ಎಂಬಷ್ಟನ್ನು ಮಾತ್ರ ಹೇಳುತ್ತೇನೆ.’ ನಮ್ಮ ರಾಜ್ಯದ 1983ರ ಪಂಚಾಯತ್ ಕಾಯಿದೆ ಮಹಿಳೆಯರಿಗೆ ನಾಲ್ಕರಲ್ಲಿ ಒಂದು ಪಾಲು ಸ್ಥಾನಗಳನ್ನು ಮೀಸಲಿಟ್ಟುದು, ಅದರಂತೆ 1987ರಲ್ಲಿ ಚುನಾವಣೆ ನಡೆದುದು, 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಮೂರರಲ್ಲಿ ಒಂದು ಪಾಲನ್ನು ನಿಗದಿ ಮಾಡಿದುದು, 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿದುದು, ಇವನ್ನೆಲ್ಲ ಕ್ರಮವಾಗಿ ಹೇಳಿ, ಕಡೆಗೆ ಪಂಚಾಯಿತಿ ಸದಸ್ಯೆಯಾದ ತನ್ನ ಚಿಕ್ಕಮ್ಮ ಮೊದಲ ವರ್ಷ ಸಭೆಯಲ್ಲಿ ಬಾಯಿ ಬಿಡದೆ ಕುಳಿತಿದ್ದುದನ್ನೂ, ಎರಡನೆಯ ವರ್ಷ ನೀರಿನ ಕೊಳವೆಯ ಲೆಕ್ಕ ಕೇಳಿದುದನ್ನೂ ಬರೆದಿದ್ದಳು. ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪನ್ನು ಮಾತ್ರ ಕೊಟ್ಟಿರಲಿಲ್ಲ.

ಶನಿವಾರ ಎಣಿಸಿದಾಗ ಆ ಉತ್ತರಕ್ಕೆ ನೀಲಿ ಗೀಟು ನಾಲ್ಕು, ಕೆಂಪು ಗೀಟು ಹದಿಮೂರು!

ಕೆಂಪು ಎಳೆದವರಲ್ಲಿ ನನ್ನ ಸಹಪಾಠಿಯೂ ಒಬ್ಬ. ಚಿಕ್ಕನಾಯಕನಹಳ್ಳಿ ಕಡೆಯವನು, ಓದಿನಲ್ಲಿ ನನಗಿಂತ ಮುಂದಿರುವವನು. ಏಕೆಂದು ಕೇಳಿದೆ. “ಉತ್ತರ ಚೆನ್ನಾಗೈತೆ ಕಣೋ. ಆದ್ರೆ ಇಂಥಾ ಪ್ರಶ್ನೆಗೆ ಉತ್ತರ ಬರೆಯೋದೇ ತಪ್ಪು. ಇವತ್ತು ಇದಕ್ಕೆ ಬರೆದ್ರೆ, ನಾಳೆ ಇಂಥವು ಹತ್ತು ಬರ್ತವೆ. ನೀರು ಕಟ್ಟಿದ್ರೆ ತೆಂಗಿನ ಜೊತೆ ಕಳೆನೂ ಬೆಳೀತದೆ” ಎಂದನು. ಅವನ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸುಲಭವಾದ ಪ್ರಶ್ನೆಗೆ ಬಂದ ಸುಲಭವಾದ ಉತ್ತರಕ್ಕೆ ಹಲಗೆಯ ಮೇಲೆ ಮೂವತ್ತು ಗೀಟು ಬೀಳುವುದನ್ನೂ, ಅರ್ಥಶಾಸ್ತ್ರದ ಕಠಿಣ ಪ್ರಶ್ನೆಯೊಂದಕ್ಕೆ ವಾರವೆಲ್ಲ ಓದಿ ಬರೆದ ಉತ್ತರಕ್ಕೆ ಎರಡೇ ಗೀಟು ಬೀಳುವುದನ್ನೂ ನಾನೇ ಎಣಿಸಿದ್ದೇನೆ. ಎಲ್ಲರಿಗೂ ಅರ್ಥವಾಗುವುದಕ್ಕೆ ಎಲ್ಲರೂ ಗೀಟು ಎಳೆಯುತ್ತಾರೆ. ಅಗ್ಗದ ಪ್ರಶ್ನೆಗಳನ್ನು ಕಾದು ಕುಳಿತು ಗೀಟು ಸಂಪಾದಿಸುವ ಶೂರರೂ ನಮ್ಮಲ್ಲಿ ಇಲ್ಲದಿಲ್ಲ.

ಆದರೂ ಆ ಹದಿಮೂರು ಗೀಟುಗಳನ್ನು ನೋಡಿದಾಗ ನನಗೆ ಬೇರೊಂದು ಸಭೆಯ ನೆನಪಾಗಿ ಮನಸ್ಸು ಮುದುಡಿತು. ಅದನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವೆನಿಸದು.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗೇ ನಮ್ಮ ಜೀವನ. ನಾನು ಪಿ.ಯು.ಸಿ. ಓದುತ್ತಿದ್ದಾಗ ನಮ್ಮೂರ ದೇವಸ್ಥಾನದ ಮುಂದೆ ತೆಂಗು ಬೆಳೆಗಾರರ ಸಭೆ ನಡೆಯಿತು. ಕೃಷಿ ಅಧಿಕಾರಿಯೊಬ್ಬರು ಬಂದಿದ್ದರು. ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳಿ ಎಂದರು. ಯಾರೂ ಏಳಲಿಲ್ಲ. ಕಡೆಗೆ ನಮ್ಮ ತಂದೆ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, “ಮರ ಒಣಗ್ತಾ ಅವೆ ಸಾರ್. ಏನ್ ಹಾಕ್ಬೇಕು?” ಎಂದರು.

ಹಿಂದೆ ಕುಳಿತವರು ನಕ್ಕರು. “ನೀರು ಹಾಕು” ಎಂದು ಯಾರೋ ಕೂಗಿದರು. ನಮ್ಮ ತಂದೆ ಮೂರನೆಯ ತರಗತಿಗೆ ಶಾಲೆ ಬಿಟ್ಟವರು. ಮರದ ವಿಷಯ ಅವರಿಗೆ ತಿಳಿದಿರುವಷ್ಟು ನನಗೆ ಜನ್ಮದಲ್ಲಿ ತಿಳಿಯಲಾರದು. ಆದರೆ ಸಭೆಯಲ್ಲಿ ಕೇಳುವ ರೀತಿ ತಿಳಿಯದು. ತೆಂಗಿನ ಮರ ಒಣಗುವುದಕ್ಕೆ ಒಂದೇ ಕಾರಣವಿಲ್ಲವೆಂಬುದನ್ನು ಈ ಸೀಮೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಕಪ್ಪುತಲೆ ಹುಳು ಗರಿಯ ಅಡಿಭಾಗದ ಹಸುರನ್ನು ತಿಂದರೆ ಮರ ಸುಟ್ಟಂತೆ ಕಾಣುತ್ತದೆ. ಕೆಂಪುಮೂತಿ ಹುಳು ಕಾಂಡದೊಳಗೆ ಸೇರಿದರೆ ರಂಧ್ರದಿಂದ ರಸ ಸೋರಿ ಕಡೆಗೆ ಸುಳಿಯೇ ಬಾಗುತ್ತದೆ. ಅಣಬೆ ರೋಗ ಬೇರಿನಿಂದ ಹತ್ತಿದರೆ ಕೆಳಗಿನ ಗರಿಗಳು ಮೊದಲು ಜೋತು, ಬುಡದಲ್ಲಿ ಕೆಂಗಂದು ರಸ ಒಸರುತ್ತದೆ. ಇವೊಂದೂ ಇಲ್ಲದೆ ಬರೀ ಬರಗಾಲಕ್ಕೂ ಗರಿ ಒಣಗಬಹುದು. ಇವುಗಳಲ್ಲಿ ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಆ ಅಧಿಕಾರಿಗಳು ನಗಲಿಲ್ಲ. “ಯಾವ ಗರಿ ಮೊದ್ಲು ಒಣಗಿದ್ದು ಯಜಮಾನ್ರೇ, ಮೇಲಿಂದೋ ಕೆಳಗಿಂದೋ? ಬುಡದಲ್ಲಿ ಏನಾದ್ರೂ ಸೋರ್ತಿದೆಯಾ? ಪಕ್ಕದ ಮರಕ್ಕೂ ಬಂತಾ, ಇಲ್ಲಾ ಅಲ್ಲೊಂದು ಇಲ್ಲೊಂದಾ? ಗರಿ ತಿರುಗಿಸಿ ನೋಡಿದ್ರಾ?” ಎಂದು ಒಂದಾದ ಮೇಲೊಂದು ಕೇಳಿದರು. ನಮ್ಮ ತಂದೆ ತಬ್ಬಿಬ್ಬಾದರು. ಅಷ್ಟರಲ್ಲಿ ಮುಂದಿನ ಸಾಲಿನ ದೊಡ್ಡ ತೋಟದ ಯಜಮಾನರೊಬ್ಬರು ಎದ್ದು, “ಇಷ್ಟೆಲ್ಲ ಯಾಕೆ? ಅದು ಹುಳಾನೇ. ಬೇರಿಗೆ ಈ ಔಷಧಿ ಕಟ್ಟಿ” ಎಂದು ಒಂದು ಕೀಟನಾಶಕದ ಹೆಸರು ಹೇಳಿ ಕುಳಿತರು. ಸಭೆಯಲ್ಲಿ ದೊಡ್ಡ ಚಪ್ಪಾಳೆಯಾಯಿತು. ಅಧಿಕಾರಿಗಳು ಏನೋ ಹೇಳಲು ಹೊರಟದ್ದು ಆ ಸದ್ದಿನಲ್ಲಿ ಕೇಳಿಸಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ. ತಂದೆಯ ಪ್ರಶ್ನೆಯಿಂದ ನನಗಾಗಿದ್ದ ನಾಚಿಕೆ ಬೇಗ ಮುಗಿಯಲೆಂದು ಇತರರಿಗಿಂತ ಸ್ವಲ್ಪ ಜೋರಾಗಿಯೇ ತಟ್ಟಿದೆನೆಂದು ಈಗ ತೋರುತ್ತದೆ.

ನಮ್ಮ ತೋಟದಲ್ಲಿದ್ದುದು ಅಣಬೆ ರೋಗ. ಹುಳುವಿನ ಔಷಧಿ ಅದನ್ನು ಏನು ಮಾಡೀತು? ಒಂದು ವರ್ಷ ಹೀಗೆ ಕಳೆಯಿತು. ರೋಗದ ಮರದ ಸುತ್ತ ಕಂದಕ ತೋಡಿ ಬೇರನ್ನು ಬೇರ್ಪಡಿಸಬೇಕು, ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಪಾತಿಗೆ ಕೊಡಬೇಕು, ಸತ್ತ ಮರವನ್ನು ಬುಡಸಹಿತ ತೆಗೆಯಬೇಕು ಎಂಬುದು ನಮಗೆ ತಿಳಿಯುವಷ್ಟರಲ್ಲಿ ಹನ್ನೊಂದು ಮರಗಳು ಹೋಗಿದ್ದವು. ಅವು ನಮ್ಮ ಅಜ್ಜ ನೆಟ್ಟ ಮರಗಳು.

ಈ ಪ್ರಸಂಗದಲ್ಲಿ ಆ ಯಜಮಾನರನ್ನು ನಾನು ದೂರುವುದಿಲ್ಲ. ಅವರು ತಿಳಿದುದನ್ನು ಹೇಳಿದರು. ನಾನು ಯೋಚಿಸುವುದು ಚಪ್ಪಾಳೆಯ ವಿಷಯ. ಅಂದು ನಾವೆಲ್ಲ ಉತ್ತರಕ್ಕೆ ಬೆಲೆ ಕಟ್ಟಿದುದು ಪ್ರಶ್ನೆಯ ಯೋಗ್ಯತೆಯನ್ನು ನೋಡಿ. ಇಷ್ಟು ಸಣ್ಣ ಪ್ರಶ್ನೆಗೆ ಅಷ್ಟು ದೊಡ್ಡ ಉತ್ತರವೇಕೆ ಎಂಬುದು ಸಭೆಯ ಮನಸ್ಸಿನಲ್ಲಿತ್ತು. ಅಧಿಕಾರಿಗಳು ಪ್ರಶ್ನೆಯನ್ನು ತಿದ್ದುವ ಮೂಲಕ ಉತ್ತರ ಕೊಡುತ್ತಿದ್ದರು. ಬಡ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವಿರುವುದು ಅಪರೂಪ. ಅದಕ್ಕೆ ಒಂದು ಕೈಯೂ ತಟ್ಟಲಿಲ್ಲ.

ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ತಂದ ಅನುಭವವುಳ್ಳವರು ಇಲ್ಲಿ ಅನೇಕರಿದ್ದೀರಿ. ವರ್ಷದ ಬಹುಭಾಗ ಅಟ್ಟದ ಮೇಲೆ ಕಾಯಿಸಿ, ಅಲುಗಾಡಿಸಿದರೆ ಗಟಗಟ ಸದ್ದು ಬರುವ ಹದಕ್ಕೆ ತಂದು, ಚಿಪ್ಪೊಡೆದು ತೆಗೆದ ಉಂಡೆ ಕೊಬ್ಬರಿಯನ್ನು ಹರಕು ಚೀಲದಲ್ಲಿ ತಂದರೆ ವ್ಯಾಪಾರಿ ಚೀಲಕ್ಕೆ ಬೈದಾನು. ಆದರೆ ಕೊಬ್ಬರಿಯನ್ನು ಒಡೆದು ನೋಡಿಯೇ ಧಾರಣೆ ಹೇಳುತ್ತಾನೆ. ಹಲಗೆಯ ಮುಂದೆ ಪೆನ್ಸಿಲ್ ಹಿಡಿದ ನಾವು ಅಷ್ಟು ವ್ಯವಹಾರಜ್ಞಾನವನ್ನಾದರೂ ತೋರಿಸಬಾರದೆ?

ಕನ್ನಡ ಪತ್ರಿಕೆಗಳಲ್ಲಿ ಪ್ರಶ್ನೋತ್ತರಕ್ಕೆ ಒಳ್ಳೆಯ ಪರಂಪರೆಯೇ ಇದೆ. ಬೀಚಿಯವರು ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಅಲ್ಲಿ ಪ್ರಶ್ನೆ ಎಷ್ಟು ಪೆದ್ದಾಗಿದ್ದರೆ ಉತ್ತರ ಅಷ್ಟು ಹರಿತ. ಓದುಗರು ಕೇಳುತ್ತಿದ್ದುದೇ ಏಟು ತಿನ್ನಲಿಕ್ಕೆ. ಅದೊಂದು ಆಟ, ಆಟದ ನಿಯಮ ಇಬ್ಬರಿಗೂ ತಿಳಿದಿತ್ತು. ಶಿವರಾಮ ಕಾರಂತರು ‘ತರಂಗ’ದಲ್ಲಿ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದುದು ಇನ್ನೊಂದು ಬಗೆ. ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ರಚಿಸಿದ, ಜ್ಞಾನಪೀಠ ಪ್ರಶಸ್ತಿ ಪಡೆದ ಹಿರಿಯರು ಇಳಿವಯಸ್ಸಿನಲ್ಲಿ ಮಕ್ಕಳ ಪ್ರಶ್ನೆಗಳಿಗೆ ಕಾರಂತಜ್ಜನಾಗಿ ಕುಳಿತುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಮಕ್ಕಳ ಪ್ರಶ್ನೆಗೆ ಅಂದಚೆಂದವಿರುವುದಿಲ್ಲ. ಅದಕ್ಕಾಗಿ ಆ ಉತ್ತರಗಳಿಗೆ ಕೆಂಪು ಗೀಟು ಎಳೆಯುವವರು ಯಾರು? ತೊಂದರೆ ಬರುವುದು ಈ ಎರಡು ಬಗೆಗಳನ್ನು ಬೆರೆಸಿದಾಗ. ಮಗುವಿನಂತೆ ಕೇಳಿದವನಿಗೆ ಬೀಚಿಯ ಏಟು ಕೊಟ್ಟು, ಆ ಏಟಿಗೆ ನೀಲಿ ಗೀಟು ಎಳೆಯುವುದು ನಮ್ಮ ಹಲಗೆಯಲ್ಲಿ ನಡೆದೇ ಇದೆ. ಬೀಚಿಯಾಗಲು ಎಲ್ಲರಿಗೂ ಸಾಧ್ಯವಿಲ್ಲವೆಂಬುದು ಬೇರೆ ಮಾತು.

ಕಠೋಪನಿಷತ್ತಿನ ನಚಿಕೇತನೂ ಮೊದಲು ಕೇಳಿದುದು ತಂದೆಗೆ ತಲೆಹರಟೆಯಂತೆ ಕಂಡ ಪ್ರಶ್ನೆಯನ್ನೇ: ನನ್ನನ್ನು ಯಾರಿಗೆ ದಾನ ಕೊಡುವೆ ಎಂದು ಮೂರು ಸಲ. ಸಿಟ್ಟಿನಿಂದ ಬಂದ ಉತ್ತರ ಅವನನ್ನು ಯಮನ ಬಾಗಿಲಿಗೆ ಕಳಿಸಿತು.

ಇನ್ನು ಪರೀಕ್ಷೆಯ ವಿಷಯ. ಪ್ರಶ್ನೆ ಕೆಟ್ಟದಾಗಿದ್ದು ಉತ್ತರಿಸಿದವನು ಪಾಡುಪಡುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. 2024ರ ಒಂದೇ ವರ್ಷದಲ್ಲಿ ನಮ್ಮ ಕಣ್ಣ ಮುಂದೆ ಮೂರು ನಡೆದವು. ಏಪ್ರಿಲ್ ತಿಂಗಳ ಸಿ.ಇ.ಟಿ.ಯಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದುವೆಂದು ಗದ್ದಲವೆದ್ದು, ನಾಲ್ಕು ವಿಷಯಗಳಿಂದ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಇದು ನ್ಯಾಯವೆಂದೇ ತೋರಿದರೂ, ಆ ಪ್ರಶ್ನೆಗಳ ಮೇಲೆ ಹೊತ್ತು ಕಳೆದು ಸರಿಯಾಗಿ ಉತ್ತರಿಸಿದ ಹುಡುಗನ ಶ್ರಮ ಪ್ರಶ್ನೆಯೊಡನೆಯೇ ಕಸದ ಬುಟ್ಟಿಗೆ ಬಿತ್ತು. ಮೇ 5ರ ನೀಟ್ ಪರೀಕ್ಷೆಯ ಭೌತಶಾಸ್ತ್ರದಲ್ಲಿ ಪರಮಾಣುವಿನ ಬಗ್ಗೆ ಒಂದು ಪ್ರಶ್ನೆಯಿತ್ತು. ಹಳೆಯ ಪಠ್ಯಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸತನ್ನು ಓದಿದವರಿಗೆ ಇನ್ನೊಂದು. ಮೊದಲು ಎರಡಕ್ಕೂ ಅಂಕ ಕೊಟ್ಟರು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ದೆಹಲಿಯ ಐ.ಐ.ಟಿ.ಯ ತಜ್ಞರು ಒಂದೇ ಉತ್ತರ ಸರಿಯೆಂದು ಜುಲೈ ತಿಂಗಳಲ್ಲಿ ವರದಿ ಕೊಟ್ಟ ಮೇಲೆ, ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ತಲಾ ಐದಂಕ ಕಳೆದುಕೊಂಡರು. ಉತ್ತರಕ್ಕೆ ಬಂದಿದ್ದ ನಾಲ್ಕು, ತಪ್ಪಿಗೆ ದಂಡ ಒಂದು. ಕೈಗೆ ಸಿಕ್ಕ ಹಳೆಯ ಪುಸ್ತಕದಿಂದ ಓದುವವರು ಯಾರೆಂಬುದು ನನ್ನಂಥವರಿಗೆ ಚೆನ್ನಾಗಿ ಗೊತ್ತು. ನನ್ನ ಪುಸ್ತಕಗಳ ಮೊದಲ ಪುಟದಲ್ಲಿ ಯಾವಾಗಲೂ ಇನ್ನೊಬ್ಬರ ಹೆಸರಿರುತ್ತದೆ.

ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು ಎಷ್ಟು ಕೆಟ್ಟಿದ್ದುವೆಂದರೆ ಸರ್ಕಾರ ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದಾಗಲೂ ಅದೇ ದೂರು ಮತ್ತೆ ಎದ್ದಿತು. ಇಂಗ್ಲಿಷಿನಲ್ಲಿ ಓದಿದವನಿಗೆ ಪ್ರಶ್ನೆ ಒಂದು. ಕನ್ನಡದಲ್ಲಿ ಓದಿದವನಿಗೆ ಮೊದಲು ಪ್ರಶ್ನೆ ಏನೆಂಬುದೇ ಪ್ರಶ್ನೆ. ಪದವಿ ಮುಗಿಸಿ ಆ ಪರೀಕ್ಷೆಗೆ ಕೂರಬೇಕೆಂದಿರುವವರು ನಮ್ಮ ತರಗತಿಯಲ್ಲಿ ಏಳೆಂಟು ಜನರಿದ್ದೇವೆ.

ಈ ಮೂರರಲ್ಲಿಯೂ ಪ್ರಶ್ನೆಯ ದೋಷದ ದಂಡವನ್ನು ತೆತ್ತವನು ಉತ್ತರಿಸಿದವನೇ. ದೊಡ್ಡವರ ವ್ಯವಸ್ಥೆಯಲ್ಲಿ ಅದನ್ನು ತಪ್ಪಿಸುವುದು ಕಷ್ಟವಿರಬಹುದು. ಎರಡು ಪೆನ್ಸಿಲಿನ ಹಲಗೆಯಲ್ಲಿ ಏನು ಕಷ್ಟ?

ಶಾಸನಸಭೆಯಲ್ಲಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಸದಸ್ಯರ ಪ್ರಶ್ನೆ ನೇರವಾಗಿ ಮಂತ್ರಿಗಳಿಗೆ ಹೋಗುವುದಿಲ್ಲ. ಮುಂಚಿತವಾಗಿ ಬರೆದುಕೊಡಬೇಕು, ಅದರಲ್ಲಿ ವಾದವಿರಕೂಡದು, ವ್ಯಂಗ್ಯವಿರಕೂಡದು, ಊಹೆಯ ಮೇಲೆ ನಿಂತಿರಕೂಡದು. ಇವನ್ನೆಲ್ಲ ಪರಿಶೀಲಿಸಿ ಒಪ್ಪಿದ ಮೇಲೆಯೇ ಪ್ರಶ್ನೆಗೆ ಪಟ್ಟಿಯಲ್ಲಿ ಸ್ಥಾನ. ಚುಕ್ಕೆ ಗುರುತಿನದಾದರೆ ಬಾಯಿಮಾತಿನ ಉತ್ತರ, ಅಲ್ಲದಿದ್ದರೆ ಲಿಖಿತ ಉತ್ತರ. ಪ್ರಶ್ನೆಯ ತೂಕ ಒಂದು ಕಡೆ, ಉತ್ತರದ ತೂಕ ಇನ್ನೊಂದು ಕಡೆ. ಸಭೆಯೊಳಗೆ ಆಮೇಲೆ ನಡೆಯುವ ಗಲಾಟೆಯನ್ನು ನಾವು ಅನುಸರಿಸಬೇಕಾಗಿಲ್ಲ.

ಇದನ್ನು ನೋಡಿ ನಾವೂ ಹಲಗೆಯಲ್ಲಿ ಒಂದು ಮಾರ್ಪಾಟು ಮಾಡಿದೆವು. ಪ್ರಶ್ನೆಯ ಚೀಟಿಯ ಅಂಚಿನಲ್ಲಿಯೇ ಗೀಟು ಎಳೆಯಲು ಜಾಗ ಬಿಟ್ಟೆವು. ಪ್ರಶ್ನೆಯ ಮೇಲೆ ಸಿಟ್ಟಿದ್ದರೆ ಕೆಂಪನ್ನು ಅಲ್ಲಿಯೇ ಎಳೆಯಿರಿ. ಎಳೆದವರು ಏನು ತಿದ್ದಬೇಕೆಂದು ಒಂದು ಸಾಲು ಬರೆಯಿರಿ. ಉತ್ತರದ ಬಳಿಗೆ ಬಂದಾಗ ಆ ಸಿಟ್ಟನ್ನು ತರಬೇಡಿ. ಉತ್ತರ ಸುಳ್ಳಾಗಿದ್ದರೆ, ಅಥವಾ ತಿಳಿಯಲಾಗದುದನ್ನು ತಿಳಿದಂತೆ ಖಂಡಿತವಾಗಿ ಹೇಳಿದ್ದರೆ, ಧಾರಾಳವಾಗಿ ಕೆಂಪು ಎಳೆಯಿರಿ. ನಮ್ಮೂರ ಸಭೆಯ ಆ ಔಷಧಿಗೆ ಸಲ್ಲಬೇಕಾಗಿದ್ದುದು ಅದು. ಪಠ್ಯಪುಸ್ತಕದ ಹತ್ತನೆಯ ಪುಟದಲ್ಲಿರುವುದನ್ನು ಹಲಗೆಯ ಮೇಲೆ ಕೇಳುವ ಸೋಮಾರಿಗೆ ಯಾರಾದರೂ ಟಿಪ್ಪಣಿ ಬರೆದುಕೊಟ್ಟಿದ್ದರೆ ಏನು ಮಾಡುವುದೆಂದು ಆ ನನ್ನ ಸಹಪಾಠಿ ಕೇಳಿದನು. ಆ ಉತ್ತರಕ್ಕೆ ನೀಲಿ ಕೊಡಬೇಕೆಂದು ನಾನೂ ಹೇಳೆನು. ಪೆನ್ಸಿಲನ್ನು ಮುಟ್ಟದೆ ಮುಂದೆ ಹೋದರಾಯಿತು; ಸರಿಯಾಗಿ ಬರೆದುದಕ್ಕೆ ಕೆಂಪು ಮಾತ್ರ ಸಲ್ಲದು. ಕಳೆಯನ್ನು ಕೈಯಿಂದ ಕೀಳಬೇಕೇ ಹೊರತು ಪಾತಿಯ ನೀರನ್ನೇ ನಿಲ್ಲಿಸುವವರು ಉಂಟೆ ಎಂದು ಅವನ ಉಪಮೆಯನ್ನು ಅವನಿಗೇ ಹಿಂತಿರುಗಿಸಿದೆ. ಅವನು ಇನ್ನೂ ಪೂರ್ತಿ ಒಪ್ಪಿಲ್ಲ. ಕುಚೇಷ್ಟೆಯಿಂದ, ಒಬ್ಬರನ್ನು ಅಥವಾ ಒಂದು ಜಾತಿಯನ್ನು ಚುಚ್ಚಲು ಕೇಳುವ ಪ್ರಶ್ನೆಗಳ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವು ಪೆಟ್ಟಿಗೆಯಿಂದ ಹಲಗೆಗೆ ಬರುವುದೇ ಇಲ್ಲ.

ಬಡ ಪ್ರಶ್ನೆಯೊಳಗಿಂದ ಒಳ್ಳೆಯ ಪ್ರಶ್ನೆಯನ್ನು ಎತ್ತಿ ತೋರಿಸಿ ಉತ್ತರಿಸಿದವರಿಗೆ ನನ್ನ ಮಟ್ಟಿಗೆ ಎರಡು ಗೀಟು ಎಳೆಯಬೇಕೆನಿಸುತ್ತದೆ. ನಿಯಮ ಒಂದೇ ಎನ್ನುತ್ತದೆ.

ನಮ್ಮ ತಂದೆ ಹೋದ ಬೇಸಗೆಯಲ್ಲಿ ತಿಪಟೂರಿನ ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಬಸ್ಸಿನಲ್ಲಿ ಅವರ ಕಾಲ ಬಳಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಒಂದು ಕೆಳಗರಿಯ ತುಂಡು, ಒಂದು ಮೇಲ್ಗರಿಯ ತುಂಡು, ಕಾಗದದಲ್ಲಿ ಸುತ್ತಿದ ಬೇರು, ಬುಡದ ಹಿಡಿ ಮಣ್ಣು. ಅಲ್ಲಿ ಹೋಗಿ ಮೇಜಿನ ಮೇಲೆ ಅವನ್ನು ಸಾಲಾಗಿ ಇಟ್ಟರು. ಬಾಯಲ್ಲಿ ಹೇಳಿದುದು ಮಾತ್ರ ಹಳೆಯದನ್ನೇ: “ಮರ ಒಣಗ್ತಾ ಅದೆ ಸಾರ್.”

ಭಿತ್ತಿಪತ್ರಿಕೆಯ ಸಂಗತಿಯನ್ನೂ ಹೇಳಿ ಮುಗಿಸುತ್ತೇನೆ. ಪ್ರಜಾಪ್ರಭುತ್ವದ ಪ್ರಶ್ನೆ ಕೇಳಿದ್ದ ಪ್ರಥಮ ವರ್ಷದ ಆ ಹುಡುಗ ಮೊನ್ನೆ ಬಂದು ಹೊಸ ಚೀಟಿಯೊಂದನ್ನು ಕೊಟ್ಟನು: “ನಮ್ಮೂರ ಗ್ರಾಮಸಭೆಗೆ ಹೆಂಗಸರು ಬಂದರೂ ಹಿಂದೆಯೇ ಏಕೆ ನಿಲ್ಲುತ್ತಾರೆ?” ಒಂದೂವರೆ ಪುಟದ ಆ ಉತ್ತರವನ್ನು ಅವನು ಪ್ರತಿ ಮಾಡಿಕೊಂಡಿದ್ದನಂತೆ. ಪ್ರಶ್ನೆಯನ್ನು ಸೋಮವಾರ ಚುಚ್ಚಿದ್ದೇವೆ. ಅದನ್ನು ಬರೆಯಿಸಿದ ಉತ್ತರವನ್ನು ಬರೆದ ವಿದ್ಯಾರ್ಥಿನಿ ಆ ಹದಿಮೂರು ಗೀಟುಗಳ ನಂತರ ಹಲಗೆಯ ಕಡೆ ಬಂದಿಲ್ಲ. ಅವಳು ಈ ಸಂಚಿಕೆಯನ್ನು ಓದುವಳೆಂದು ನಂಬಿದ್ದೇನೆ. ಪ್ರಶ್ನೆಯ ಕೆಳಗೆ ಒಂದೂವರೆ ಪುಟದಷ್ಟು ಜಾಗವನ್ನು ಖಾಲಿ ಬಿಟ್ಟಿದೆ.